ಜ್ಞಾನದಾನದ ನೆಲ ಮತ್ತು ನೆರೆಹೊರೆಯ ವ್ಯಾಜ್ಯ

ನಮ್ಮ ಊರಿನ ಬಸದಿ ಬೀದಿಯಲ್ಲಿರುವ ಹಳೆಯ ಪಾಠಶಾಲೆಯ ವಿಷಯವಾಗಿ ಎರಡು ಕಾಗದಗಳು ಈಗ ಮನೆಯಿಂದ ಮನೆಗೆ ಸಂಚರಿಸುತ್ತಿವೆ. ಮೊದಲನೆಯದು, ಕಟ್ಟಡವನ್ನು ಕೆಡವಿ ಅಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟಿಸುವ ಬಗ್ಗೆ ಟ್ರಸ್ಟಿನ ಆಡಳಿತ ಮಂಡಳಿಯು ಸಮಾಜ ಬಾಂಧವರ ಮುಂದಿಟ್ಟಿರುವ ಯೋಜನೆ. ಎರಡನೆಯದು, ಅದನ್ನು ವಿರೋಧಿಸಿ ಅಕ್ಕಪಕ್ಕದ ಮನೆಗಳವರು ಸಹಿ ಹಾಕಿರುವ ತಕರಾರು ಅರ್ಜಿ. ಎರಡನ್ನೂ ನಾನು ಎರಡೆರಡು ಬಾರಿ ಓದಿದೆ. ಯೋಜನೆಯಲ್ಲಿ ಚದರಡಿಯ ಲೆಕ್ಕವಿದೆ, ಬಿಲ್ಡರನ ಪಾಲು ಎಷ್ಟು ಟ್ರಸ್ಟಿನ ಪಾಲು ಎಷ್ಟು ಎಂಬ ವಿವರವಿದೆ. ತಕರಾರಿನಲ್ಲಿ ಗಾಳಿ, ಬೆಳಕು, ನೀರು, ವಾಹನ ನಿಲುಗಡೆ ಮತ್ತು ಬೀದಿಯ ಸಂಸ್ಕೃತಿಯ ಪ್ರಸ್ತಾಪವಿದೆ. ವಿದ್ಯಾರ್ಥಿ ಎಂಬ ಶಬ್ದ ಮಾತ್ರ ಎರಡರಲ್ಲಿಯೂ ಒಮ್ಮೆಯಾದರೂ ಬಂದಿಲ್ಲ.

ಈ ಲೇಖನಕ್ಕೆ ಕಾರಣವಾದದ್ದು ಆ ಮೌನ. ಪಾಠಶಾಲೆಯ ನೆಲದ ಬಗ್ಗೆ ಇಷ್ಟೊಂದು ಏರುದನಿಯಲ್ಲಿ ವಾದಿಸುತ್ತಿರುವ ಎರಡೂ ಪಕ್ಷಗಳು ತಮ್ಮದಲ್ಲದ ವಸ್ತುವಿಗಾಗಿ ಕಾದಾಡುತ್ತಿವೆ ಎಂಬುದು ನನ್ನ ಅಭಿಪ್ರಾಯ. ಎರಡೂ ಪಕ್ಷದವರು ನನ್ನ ಆಪ್ತರೇ. ಅವರ ಮನಸ್ಸನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ನೋವಾದೀತೆಂದು ಸುಮ್ಮನಿರುವ ಕಾಲವೂ ಇದಲ್ಲ.

ಕಟ್ಟಡದ ವಿಷಯವನ್ನು ಮೊದಲು ಹೇಳಬೇಕು. ಎದೆಮಟ್ಟದ ಕಲ್ಲಿನ ಅಡಿಪಾಯ, ಗಚ್ಚಿನ ಗೋಡೆಗಳು, ತೇಗದ ತೊಲೆಗಳ ಮೇಲೆ ಮಂಗಳೂರು ಹೆಂಚಿನ ಮಾಡು, ಮುಂಭಾಗದಲ್ಲಿ ಉದ್ದನೆಯ ಪಡಸಾಲೆ, ಹಿಂದೆ ಬಾವಿ, ಬಾವಿಯ ಬಳಿ ಹುಣಿಸೆ ಮರ. ಗಂಟೆಯ ಬದಲಿಗೆ ತೂಗುಹಾಕಿದ್ದ ರೈಲುಹಳಿಯ ತುಂಡು ಇಂದಿಗೂ ಅಲ್ಲಿಯೇ ಇದೆ. ನನ್ನ ತಂದೆ ಅಕ್ಷರ ತಿದ್ದಿದ್ದು ಆ ಪಡಸಾಲೆಯಲ್ಲಿ. ನಾನು ಮಗ್ಗಿ ಕಲಿತದ್ದೂ ಅಲ್ಲಿಯೇ. ಬೆಳಗಿನ ಹೊತ್ತು ಧರ್ಮಪಾಠ, ಅನಂತರ ಕನ್ನಡ ಮತ್ತು ಲೆಕ್ಕ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವುದನ್ನು ಗುರುಗಳು ಪುಸ್ತಕದಿಂದ ಹೇಳಿಕೊಡಲಿಲ್ಲ, ಕೈಹಿಡಿದು ಮಾಡಿಸಿದರು. ಜೈನರ ಮಕ್ಕಳೊಂದಿಗೆ ಬಡಿಗರ, ನೇಕಾರರ, ಕುರುಬರ ಮಕ್ಕಳೂ ಅಲ್ಲಿ ಕಲಿತರು. ಅವರಲ್ಲಿ ಕೆಲವರು ಇಂದಿಗೂ ಸಿಕ್ಕಿದಾಗ ಣಮೋಕಾರ ಮಂತ್ರವನ್ನು ತಪ್ಪಿಲ್ಲದೆ ಹೇಳುತ್ತಾರೆ. ನಮ್ಮ ಮೊಮ್ಮಕ್ಕಳಿಂದ ಅದು ಸಾಧ್ಯವೇ ಎಂದು ಪರೀಕ್ಷಿಸಲು ನನಗೆ ಧೈರ್ಯವಿಲ್ಲ.

ಈ ನೆಲವನ್ನು ಕೊಟ್ಟವರು ಶ್ರೀಮಂತ ಶ್ರೇಷ್ಠಿಗಳಲ್ಲ. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಒಳಗಾದ ಒಬ್ಬ ಶ್ರಾವಿಕೆ, ಗಂಡನ ಮನೆಯಿಂದ ಜೀವನಾಂಶವಾಗಿ ಬಂದ ನಿವೇಶನವನ್ನು ಕೊಟ್ಟರು. ಮೈಮೇಲಿನ ಬಂಗಾರವನ್ನು ಮಾರಿ ತೊಲೆಗಳನ್ನು ತರಿಸಿದರು. ದಾನಪತ್ರದ ಪ್ರತಿಯನ್ನು ನಾನು ಕಂಡಿದ್ದೇನೆ. ಮಕ್ಕಳ ವಿದ್ಯಾಭ್ಯಾಸದ ಹೊರತು ಬೇರೆ ಕಾರ್ಯಕ್ಕೆ ಇದನ್ನು ಬಳಸಕೂಡದೆಂದು ಅದರಲ್ಲಿ ಸ್ಪಷ್ಟವಾಗಿ ಬರೆಸಲಾಗಿದೆ. ಕೊನೆಯಲ್ಲಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಇದೆ. ಆ ತಾಯಿಗೆ ಓದಲು ಬರುತ್ತಿರಲಿಲ್ಲ.

ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ನಮ್ಮ ವೇದಿಕೆಗಳಲ್ಲಿ ಬಾರದ ಸಮಾರಂಭವಿಲ್ಲ. ಅವಳು ಬಸದಿಗಳನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ತಾಳೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಕಂಠದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ಶ್ರಮವೆಂಬುದನ್ನು ಊಹಿಸಿಕೊಳ್ಳಬೇಕು. ಆಹಾರ, ಔಷಧ, ಅಭಯಗಳ ಜೊತೆಗೆ ಶಾಸ್ತ್ರದಾನವನ್ನೂ ನಮ್ಮ ಆಚಾರ್ಯರು ಚತುರ್ವಿಧ ದಾನಗಳಲ್ಲಿ ಎಣಿಸಿದ್ದಾರೆ. ಅಕ್ಷರವರಿಯದ ನಮ್ಮೂರಿನ ಆ ಶ್ರಾವಿಕೆ ಮಾಡಿದ್ದು ಅದೇ ದಾನ. ಅವರ ಭಾವಚಿತ್ರವೂ ನಮ್ಮಲ್ಲಿ ಉಳಿದಿಲ್ಲ.

ಇನ್ನು ಶಾಲೆ ಮುಚ್ಚಿದ ಬಗೆ. ಅದನ್ನು ಸರ್ಕಾರ ಮುಚ್ಚಲಿಲ್ಲ, ಬಿಲ್ಡರನೂ ಮುಚ್ಚಲಿಲ್ಲ. ನಾವು ಮುಚ್ಚಿದೆವು. ಹಳದಿ ಬಣ್ಣದ ಬಸ್ಸುಗಳು ಬೀದಿಯ ತುದಿಗೆ ಬಂದು ನಿಲ್ಲತೊಡಗಿದ ಮೇಲೆ ನಮ್ಮ ಮಕ್ಕಳು ಒಬ್ಬೊಬ್ಬರಾಗಿ ಆ ಬಸ್ಸುಗಳನ್ನು ಹತ್ತಿದರು. ಉಳಿದವರು ಬಡವರ ಮಕ್ಕಳು. ಅವರಿಗಾಗಿ ಮಾತ್ರ ಶಾಲೆ ನಡೆಸುವುದು ಕಷ್ಟವೆಂದು ನಾವು ತೀರ್ಮಾನಿಸಿದೆವು. ಆಗ ನಾನೂ ಆಡಳಿತ ಮಂಡಳಿಯ ಸದಸ್ಯನಾಗಿದ್ದೆ. ಮಹಾವೀರ ಜಯಂತಿಯ ಶಾಮಿಯಾನದ ಖರ್ಚಿನ ಬಗ್ಗೆ ಆ ದಿನ ಒಂದು ಗಂಟೆ ಚರ್ಚೆ ನಡೆಯಿತು. ಪಾಠಶಾಲೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸುವ ಠರಾವು ಹತ್ತು ನಿಮಿಷಗಳಲ್ಲಿ ಪಾಸಾಯಿತು. ನಾನು ಕೈ ಎತ್ತಿದೆ. ಅನಂತರ ಆ ಕೊಠಡಿಗಳಲ್ಲಿ ಮದುವೆಯ ಕುರ್ಚಿಗಳು, ದೊಡ್ಡ ಪಾತ್ರೆಗಳು, ಉತ್ಸವದ ಸಾಮಾನುಗಳು ಬಂದು ಸೇರಿದವು. ತಾತ್ಕಾಲಿಕವೆಂಬ ಆ ಶಬ್ದ ಠರಾವು ಪುಸ್ತಕದಲ್ಲಿ ಇನ್ನೂ ಹಾಗೆಯೇ ಉಳಿದಿದೆ.

ಈಗ ಆಡಳಿತ ಮಂಡಳಿಯ ವಾದವನ್ನು ಪರಿಶೀಲಿಸೋಣ. ಕಟ್ಟಡ ಪಾಳು ಬೀಳುತ್ತಿದೆ, ಮಾಡು ಸೋರುತ್ತಿದೆ, ಆದಾಯವಿಲ್ಲ. ಜಂಟಿ ಅಭಿವೃದ್ಧಿ ಕರಾರಿನಲ್ಲಿ ಬಿಲ್ಡರನು ತನ್ನ ಹಣದಿಂದ ಕಟ್ಟುತ್ತಾನೆ. ಟ್ರಸ್ಟಿಗೆ ಬಂದ ಪಾಲಿನ ಫ್ಲ್ಯಾಟುಗಳ ಬಾಡಿಗೆಯಿಂದ ಬಸದಿಯ ಜೀರ್ಣೋದ್ಧಾರ, ಮುನಿಗಳ ಚಾತುರ್ಮಾಸದ ವೆಚ್ಚ, ಬಡ ವಿದ್ಯಾರ್ಥಿಗಳಿಗೆ ವೇತನ, ಎಲ್ಲವೂ ಸಾಧ್ಯವಾಗುತ್ತದೆ. ಕೇಳುವುದಕ್ಕೆ ಇದು ಹಿತವಾಗಿದೆ. ಆದರೆ ಇಂಥ ಕರಾರಿನ ಒಳಗುಟ್ಟನ್ನು ಸಮಾಜ ಬಾಂಧವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಬಿಲ್ಡರನು ತನ್ನ ಪಾಲಿನ ಫ್ಲ್ಯಾಟುಗಳನ್ನು ಮಾರುವಾಗ ಗೋಡೆಗಳನ್ನು ಮಾತ್ರ ಮಾರುವುದಿಲ್ಲ. ಪ್ರತಿಯೊಂದು ಕ್ರಯಪತ್ರದೊಂದಿಗೆ ನೆಲದಲ್ಲಿ ಒಂದು ಅವಿಭಾಜ್ಯ ಪಾಲೂ ಕೊಂಡವರಿಗೆ ಹೋಗುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮವು ಕೊಂಡವರಿಗೆ ಆ ಹಕ್ಕನ್ನು ಕೊಡುತ್ತದೆ. ಅದನ್ನು ಫ್ಲ್ಯಾಟಿನಿಂದ ಬೇರ್ಪಡಿಸಲು ಬರುವುದಿಲ್ಲ. ಕೊಂಡವರ ತಪ್ಪೇನೂ ಇಲ್ಲ, ಅವರು ಹಣ ಕೊಟ್ಟಿರುತ್ತಾರೆ. ಆದರೆ ಒಬ್ಬ ತಾಯಿ ಒಂದೇ ಹೆಬ್ಬೆಟ್ಟಿನಿಂದ ಕೊಟ್ಟ ನೆಲ ಹತ್ತಾರು ಕ್ರಯಪತ್ರಗಳಲ್ಲಿ ಚೂರುಚೂರಾಗಿ ಹಂಚಿಹೋದ ಮೇಲೆ, ಮುಂದೆ ಸದ್ಬುದ್ಧಿ ಬಂದ ಯಾವ ಮಂಡಳಿಯೂ ಅದನ್ನು ಮರಳಿ ಕೂಡಿಸಲಾರದು. ಮಾಡು ಸೋರಿದರೆ ಹೆಂಚು ಬದಲಿಸಬಹುದು. ಇದಕ್ಕೆ ರಿಪೇರಿಯೇ ಇಲ್ಲ.

ಬಸದಿಯ ಜೀರ್ಣೋದ್ಧಾರಕ್ಕಲ್ಲವೇ ಹಣ, ಇದರಲ್ಲಿ ದೋಷವೇನು ಎಂದು ಕೇಳುವವರಿದ್ದಾರೆ. ಶ್ವೇತಾಂಬರ ಸಂಪ್ರದಾಯದಲ್ಲಿ ಸಪ್ತಕ್ಷೇತ್ರಗಳ ವಿಭಾಗವಿದೆ. ದೇವದ್ರವ್ಯ ಬೇರೆ, ಜ್ಞಾನದ್ರವ್ಯ ಬೇರೆ; ಮನಬಂದಂತೆ ಒಂದು ಕ್ಷೇತ್ರದ ಹಣವನ್ನು ಮತ್ತೊಂದಕ್ಕೆ ತಿರುಗಿಸುವಂತಿಲ್ಲ. ದಿಗಂಬರರಾದ ನಮಗೆ ಆ ಹೆಸರುಗಳ ಬಳಕೆ ಕಡಿಮೆ ಇರಬಹುದು, ಆದರೆ ನಿರ್ಮಾಲ್ಯದ ಭಯ ನಮ್ಮಲ್ಲಿ ಅವರಿಗಿಂತ ಕಡಿಮೆ ಇಲ್ಲ. ಪೂಜೆಯಲ್ಲಿ ಅರ್ಪಿಸಿದ ಅಕ್ಷತೆಯ ಒಂದು ಕಾಳು ಬಾಯಿಗೆ ಬಿದ್ದರೆ ಪ್ರಾಯಶ್ಚಿತ್ತವನ್ನು ಕೇಳಿಕೊಂಡು ಗುರುಗಳ ಬಳಿಗೆ ಓಡುವ ಜನ ನಾವು. ಅದೇ ನಾವು ಮಕ್ಕಳಿಗೆ ಅರ್ಪಿತವಾದ ನಿವೇಶನವನ್ನು ಅಂತಸ್ತು ಅಂತಸ್ತಾಗಿ ನುಂಗಲು ಹೊರಟಾಗ ಯಾರ ಗಂಟಲಿಗೂ ಏನೂ ಸಿಕ್ಕಿಕೊಳ್ಳುವುದಿಲ್ಲ!

ಅಚೌರ್ಯ ವ್ರತವನ್ನು ನಾವು ತೀರಾ ಅಗ್ಗವಾಗಿ ಅರ್ಥಮಾಡಿಕೊಂಡಿದ್ದೇವೆ. ಪರರ ಮನೆಗೆ ಕನ್ನ ಹಾಕದಿದ್ದರೆ ವ್ರತ ಉಳಿಯಿತೆಂಬ ಸಮಾಧಾನ ನಮ್ಮದು. ಶಾಸ್ತ್ರವು ಬಳಸುವ ಅದತ್ತಾದಾನ ಎಂಬ ಶಬ್ದ ಅದಕ್ಕಿಂತ ಬಹಳ ವಿಶಾಲವಾದದ್ದು. ದಾನಿಯು ಒಂದು ಕಾರ್ಯಕ್ಕೆಂದು ಕೊಟ್ಟಿದ್ದನ್ನು ಮತ್ತೊಂದು ಕಾರ್ಯಕ್ಕೆ ತೆಗೆದುಕೊಂಡರೆ, ಆ ಮತ್ತೊಂದು ಕಾರ್ಯಕ್ಕಾಗಿ ಅದನ್ನು ಯಾರೂ ಕೊಟ್ಟಿಲ್ಲವೆಂದೇ ಅರ್ಥ. ಟ್ರಸ್ಟಿಗಳು ಮಾಲೀಕರಲ್ಲ, ಅವರ ಹೆಸರಿನಲ್ಲಿಯೇ ಹೇಳಿರುವಂತೆ ವಿಶ್ವಾಸವಿಟ್ಟು ಒಪ್ಪಿಸಿದ್ದನ್ನು ಕಾಯುವವರು. ಇಷ್ಟಾಗಿಯೂ ಯೋಜನೆಯಲ್ಲಿ ಒಂದು ಸೊಗಸಾದ ಸಾಲು ಇದೆ: ಅಪಾರ್ಟ್‌ಮೆಂಟಿಗೆ ದಾನಿಯ ಹೆಸರನ್ನೇ ಇಡಲಾಗುವುದಂತೆ. ಅಸಲಿನ ಜಾಗದಲ್ಲಿ ಅದರಂತೆಯೇ ತೋರುವ ನಕಲನ್ನಿಟ್ಟು ವ್ಯಾಪಾರ ಮಾಡುವುದನ್ನು ಪ್ರತಿರೂಪಕ ವ್ಯವಹಾರವೆಂದು ಅಚೌರ್ಯದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ತುಪ್ಪಕ್ಕೆ ಎಣ್ಣೆ ಬೆರೆಸುವ ಅಂಗಡಿಕಾರನಿಗಷ್ಟೇ ಅದು ಅನ್ವಯಿಸುತ್ತದೆಯೋ, ದಾನದ ಜಾಗದಲ್ಲಿ ದಾನಿಯ ನಾಮಫಲಕವನ್ನು ನಿಲ್ಲಿಸುವ ನಮಗೂ ಅನ್ವಯಿಸುತ್ತದೆಯೋ, ವಿದ್ವಾಂಸರು ಹೇಳಲಿ.

ಇಷ್ಟು ಓದಿ ತಕರಾರುದಾರರು ಸಂತೋಷಪಟ್ಟಿದ್ದರೆ ಅವರು ಸ್ವಲ್ಪ ತಾಳಬೇಕು.

ಅವರ ಆಕ್ಷೇಪಗಳಲ್ಲಿ ನ್ಯಾಯವಾದವು ಇವೆ. ಬೀದಿ ಇಕ್ಕಟ್ಟಾದದ್ದು. ಒಳಚರಂಡಿಯ ಕೊಳವೆ ಈಗಿರುವ ಮನೆಗಳ ನೀರನ್ನೇ ಸಾಗಿಸಲಾರದೆ ಮಳೆಗಾಲದಲ್ಲಿ ಉಕ್ಕುತ್ತದೆ. ಬೇಸಿಗೆಯಲ್ಲಿ ಬಸದಿಯ ಬಾವಿ ತಳ ಕಾಣುತ್ತದೆ. ಅಪಾರ್ಟ್‌ಮೆಂಟಿನ ಕೊಳವೆ ಬಾವಿ ಬಿದ್ದರೆ ಅಭಿಷೇಕಕ್ಕೂ ನೀರು ಇಲ್ಲದಂತಾದೀತು. ಮುನಿಸಂಘ ಬಂದಾಗ ಆಹಾರಚರ್ಯೆಗೆ ನಡೆಯುವ ದಾರಿಯೂ ಇದೇ, ಪಲ್ಲಕ್ಕಿ ಹೊರಳುವ ದಾರಿಯೂ ಇದೇ. ಶಾಲೆಯೆಂದು ನಕ್ಷೆಯಲ್ಲಿರುವ ಜಾಗವನ್ನು ವಸತಿಗೆ ಬದಲಿಸಬೇಕಾದರೆ 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14-ಎ ಪ್ರಕರಣದಂತೆ ಭೂ ಉಪಯೋಗದ ಬದಲಾವಣೆಗೆ ಅನುಮತಿ ಬೇಕು. ಅದಕ್ಕೆ ಮೊದಲು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಗಳನ್ನು ಆಲಿಸಬೇಕು. ನೆರೆಯವರು ಆ ಹಕ್ಕನ್ನು ಬಳಸುವುದರಲ್ಲಿ ತಪ್ಪಿಲ್ಲ.

ಆದರೆ ಅರ್ಜಿಯಲ್ಲಿ ಪರಂಪರೆಯ ಮಾತು ಬಂದಾಗ ನನಗೆ ನಗು ಬಂತು. ಪುರಾತನ ಶಾಲೆಯನ್ನು ಉಳಿಸಿ ಎಂದು ಸಹಿ ಹಾಕಿದ ಮನೆಗಳಲ್ಲಿ ಒಂದಾದರೂ ತನ್ನ ಮಕ್ಕಳನ್ನು ಕೊನೆಯವರೆಗೆ ಆ ಶಾಲೆಯಲ್ಲಿ ಓದಿಸಿತೇ? ಬೀಗ ಬಿದ್ದ ದಿನ ಯಾರಾದರೂ ಒಂದು ಅರ್ಜಿ ಬರೆದರೇ? ಖಾಲಿ ಬಿದ್ದ ಅಂಗಳದಲ್ಲಿ ಕಾರು ನಿಲ್ಲಿಸಿದರು, ಹಪ್ಪಳ ಸಂಡಿಗೆ ಒಣಗಿಸಿದರು, ಹಿತ್ತಿಲ ಗೋಡೆಯನ್ನು ಹೊಸದಾಗಿ ಕಟ್ಟುವಾಗಲೆಲ್ಲ ಒಂದೊಂದು ಅಡಿ ಮುಂದಕ್ಕೆ ಸರಿಸಿದರು. ಹೀಗೆ ಒತ್ತಿಕೊಂಡ ಗೋಡೆಗಳು ಮೂರು ಇವೆ. ಅದರಲ್ಲಿ ಒಂದು ನಮ್ಮ ಮನೆಯದು. ನನ್ನ ತಂದೆಯವರ ಕಾಲದಲ್ಲಿ ಆದದ್ದೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ವರ್ಷ ವರ್ಷವೂ ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ ಲೋಭತ್ಯಾಗದ ಪ್ರವಚನ ಕೇಳಿ ಮನೆಗೆ ಬರುವಾಗ ಆ ಗೋಡೆಯ ಪಕ್ಕದಲ್ಲಿಯೇ ನಡೆದು ಬರುತ್ತೇನೆ.

ಪರಿಗ್ರಹದ ಮೂಲವನ್ನು ನಮ್ಮ ಆಚಾರ್ಯರು ವಸ್ತುವಿನಲ್ಲಿ ಹುಡುಕಲಿಲ್ಲ, ವಸ್ತುವಿನ ಮೇಲಿನ ಮಮತೆಯಲ್ಲಿ ಗುರುತಿಸಿದರು. ಈ ದೃಷ್ಟಿಯಿಂದ ನೋಡಿದರೆ ತನ್ನದಲ್ಲದ ಅಂಗಳದ ಗಾಳಿ ಬೆಳಕುಗಳನ್ನು ಶಾಶ್ವತವಾಗಿ ತನ್ನದೆಂದುಕೊಂಡ ನೆರೆಯವನೂ, ಆ ಅಂಗಳವನ್ನು ಚದರಡಿಗೆ ಇಷ್ಟೆಂದು ಎಣಿಸುವ ಟ್ರಸ್ಟಿಯೂ ಒಂದೇ ರೋಗದಿಂದ ನರಳುತ್ತಿದ್ದಾರೆ. ಒಬ್ಬನಿಗೆ ಖಾಲಿ ಜಾಗದ ಮೋಹ, ಮತ್ತೊಬ್ಬನಿಗೆ ತುಂಬಿದ ಜಾಗದ ಮೋಹ.

ಇನ್ನೊಂದು ಆಕ್ಷೇಪ ಅರ್ಜಿಯಲ್ಲಿ ಸೂಚ್ಯವಾಗಿದೆ, ಬಾಯಿಮಾತಿನಲ್ಲಿ ವಾಚ್ಯವಾಗಿದೆ: ಫ್ಲ್ಯಾಟುಗಳಿಗೆ ಯಾರು ಯಾರೋ ಬರುತ್ತಾರೆ, ಮಾಂಸ ಬೇಯಿಸುತ್ತಾರೆ, ಬಸದಿಯ ಶಿಖರದ ಎದುರಿಗೆ ಅವರ ಕಿಟಕಿಗಳಿರುತ್ತವೆ. ಇದಕ್ಕೆ ಉತ್ತರವಾಗಿ ಆಡಳಿತ ಮಂಡಳಿಯವರು ಜೈನರಿಗೆ ಮಾತ್ರ ಮಾರುತ್ತೇವೆಂದು ಆಶ್ವಾಸನೆ ಕೊಡಲು ಸಿದ್ಧರಾಗಿದ್ದಾರೆ. ಅಹಮದಾಬಾದಿನ ಪಾರಸಿಗಳ ಗೃಹನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ಪಾರಸಿಗಳಿಗೆ ಸೀಮಿತಗೊಳಿಸುವ ಉಪನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿದದ್ದನ್ನು ಒಬ್ಬ ವಕೀಲ ಮಿತ್ರರು ಉತ್ಸಾಹದಿಂದ ಉದಾಹರಿಸಿದರು. ಅದು ಸದಸ್ಯರು ಕೂಡಿ ಕಟ್ಟಿಕೊಂಡ ಸಹಕಾರ ಸಂಘದ ಮಾತು. ದಾನದ ನೆಲವನ್ನು ಮಾರುವ ಟ್ರಸ್ಟಿನ ಮಾತಲ್ಲ. ಅದಿರಲಿ. ಬಸದಿಯ ಪರಿಸರದಲ್ಲಿ ಹಿಂಸೆ ನಡೆಯಬಾರದೆಂಬ ಕಳಕಳಿ ನನಗೂ ಇದೆ. ಆದರೆ ಅರ್ಜಿದಾರರಲ್ಲಿಯೇ ಕೆಲವರು ರಸ್ತೆಗೆ ಮುಖಮಾಡಿದ ತಮ್ಮ ಮಳಿಗೆಗಳನ್ನು ಹೆಚ್ಚು ಬಾಡಿಗೆ ಕೊಟ್ಟವರಿಗೆ ಕೊಟ್ಟಿದ್ದಾರೆ. ಆಗ ಅವರ ಊಟದ ಎಲೆಯನ್ನು ಯಾರೂ ವಿಚಾರಿಸಲಿಲ್ಲ. ಬಾಡಿಗೆ ನಮಗೆ ಬರುವಾಗ ಇಲ್ಲದ ಅಹಿಂಸೆ, ಬಾಡಿಗೆ ಟ್ರಸ್ಟಿಗೆ ಹೋಗುವಾಗ ಜಾಗೃತವಾಗುತ್ತದೆ. ನಮ್ಮ ಪಡಸಾಲೆಯಲ್ಲಿ ಕುರುಬರ ಹುಡುಗ ಸೋಸಿದ ನೀರನ್ನು ಕುಡಿಯುವುದನ್ನು ಕಲಿತದ್ದು, ಅವನನ್ನು ಹೊರಗಿಟ್ಟಿದ್ದರಿಂದಲ್ಲ. ಪಾಠಶಾಲೆಗೆ ಬೀಗ ಹಾಕಿದ ಸಮಾಜ ಅಹಿಂಸೆಯನ್ನು ಈಗ ಕ್ರಯಪತ್ರದ ಷರತ್ತಿನಲ್ಲಿ ಬರೆಸಲು ನೋಡುತ್ತಿದೆ.

ಇಂಥ ಪ್ರಸಂಗ ನಮ್ಮೂರಿನಲ್ಲಿ ಮಾತ್ರ ನಡೆದದ್ದಲ್ಲ. ಪುಣೆಯ ಮಾಡೆಲ್ ಕಾಲನಿಯ ಜೈನ ಬೋರ್ಡಿಂಗಿನ ಪ್ರಕರಣ ವಾಚಕರ ನೆನಪಿನಲ್ಲಿ ಹಸಿಯಾಗಿಯೇ ಇದೆ. ಮಹಾನಗರದ ನಡುವೆ ಇರುವ ಆ ವಿದ್ಯಾರ್ಥಿನಿಲಯದ ವಿಶಾಲ ಆಸ್ತಿ 2025ರಲ್ಲಿ ಬಿಲ್ಡರರಿಗೆ ಮಾರಾಟವಾಯಿತು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸಗಳ ಅಧಿನಿಯಮದ 36ನೆಯ ಪ್ರಕರಣದಂತೆ ಇಂಥ ಮಾರಾಟಕ್ಕೆ ಧರ್ಮಾದಾಯ ಆಯುಕ್ತರ ಪೂರ್ವಾನುಮತಿ ಬೇಕು. ಗಮನಿಸಬೇಕಾದ ಅಂಶವೆಂದರೆ ಆ ಅನುಮತಿಯೂ ದೊರೆತಿತ್ತು. ಕಾಗದಗಳೆಲ್ಲ ಕ್ರಮಬದ್ಧವಾಗಿದ್ದವು. ಆದರೂ ಮುನಿಗಳು, ಹಳೆಯ ವಿದ್ಯಾರ್ಥಿಗಳು, ಶ್ರಾವಕ ಶ್ರಾವಿಕೆಯರು ಬೀದಿಗಿಳಿದರು. ಯಥಾಸ್ಥಿತಿಯ ಆದೇಶ ಬಂತು. ಬಿಲ್ಡರರು ಹಿಂದೆ ಸರಿದರು. ಆ ವರ್ಷದ ಅಕ್ಟೋಬರ್ ಮುಗಿಯುವುದರೊಳಗೆ ವ್ಯವಹಾರ ಮುರಿದುಬಿತ್ತು. ಅನುಮತಿ ಸಿಕ್ಕಿದ ಮಾತ್ರಕ್ಕೆ ಅಧರ್ಮವು ಧರ್ಮವಾಗುವುದಿಲ್ಲವೆಂದು ಸಮಾಜ ಅಂದು ತೋರಿಸಿಕೊಟ್ಟಿತು. ಆ ಹೋರಾಟಗಾರರಿಗೆ ನನ್ನ ವಂದನೆಗಳು.

ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆ ಆವರಣದಲ್ಲಿ ಭಗವಾನ್ ಮಹಾವೀರರ ಮಂದಿರವಿತ್ತು, ಮಂದಿರವೂ ಹೋಗುತ್ತದೆಂಬ ಆತಂಕವೇ ಜನರನ್ನು ಬೀದಿಗೆ ತಂದಿತು. ಮಂದಿರ ಇರದೆ ಬರಿಯ ವಿದ್ಯಾರ್ಥಿಗಳ ಕೊಠಡಿಗಳಷ್ಟೇ ಇದ್ದಿದ್ದರೆ ನಾವು ಅಷ್ಟು ಜನ ಸೇರುತ್ತಿದ್ದೆವೇ? ಪ್ರತಿಮೆಗೆ ಅಪಾಯವೆಂದರೆ ಎದ್ದು ನಿಲ್ಲುವ ನಾವು ಪಾಠಕ್ಕೆ ಅಪಾಯವೆಂದಾಗ ಕುಳಿತೇ ಇರುತ್ತೇವೆ. ನಮ್ಮೂರಿನ ಪಾಠಶಾಲೆಯಲ್ಲಿ ಪ್ರತಿಮೆಯಿಲ್ಲ. ಅದಕ್ಕೆ ಆ ದುರದೃಷ್ಟ.

ನಮ್ಮ ಪೂರ್ವಜರು ಹೀಗಿರಲಿಲ್ಲ. 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಜನ್ಮತಾಳಿದಾಗ ಅದರ ಮುಂದಾಳುಗಳು ಶಿಕ್ಷಣವೇ ಸಮಾಜದ ಮೊದಲ ಕೆಲಸವೆಂದು ಬಗೆದರು. ಮುಂಬಯಿಯ ದಾನವೀರ ಮಾಣಿಕಚಂದ ಹೀರಾಚಂದ ಜವೇರಿಯವರು ಊರೂರಿಗೆ ಬೋರ್ಡಿಂಗುಗಳನ್ನು ತೆರೆಯಲು ಹಣ ಸುರಿದರು. ಹಳ್ಳಿಯ ರೈತನ ಮಗ ಪಟ್ಟಣಕ್ಕೆ ಬಂದು ಓದಬೇಕು, ಸೂರ್ಯಾಸ್ತಕ್ಕೆ ಮೊದಲು ಅವನಿಗೆ ಶುದ್ಧವಾದ ಊಟ ಸಿಗಬೇಕು, ಇಷ್ಟೇ ಅವರ ಆಶಯ. 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡಾ 64.8 ಇದ್ದಾಗ ಜೈನರದು ಶೇಕಡಾ 94.1 ಇತ್ತು. ಆ ಅಂಕಿಯನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದರ ಹಿಂದೆ ಸೋರುವ ಮಾಡಿನ ಎಷ್ಟು ಪಾಠಶಾಲೆಗಳಿವೆಯೆಂದು ಹೇಳುವುದಿಲ್ಲ.

ಆ ಬೋರ್ಡಿಂಗುಗಳು ದೋಷರಹಿತವಾಗಿದ್ದವೆಂದು ನಾನು ಹೇಳಲಾರೆ. ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ, ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿನಿಲಯದ ಸಮಾರಂಭಕ್ಕೆ ಹೋಗಿ ಬಂದು, ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ಅಪ್ಪಣೆಯನ್ನು ಒಪ್ಪಲಿಲ್ಲ. ಅದಕ್ಕಾಗಿ ಅವರನ್ನು ಹೊರಹಾಕಲಾಯಿತು. ಹೊರಬಿದ್ದ ಆ ಹುಡುಗನೇ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಗಳ ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಿ ಓದಿಸಿ ಕರ್ಮವೀರರೆನಿಸಿದರು. ಯಾರು ಯಾರೋ ಬರುತ್ತಾರೆ ಎಂದು ಇಂದು ಗಾಬರಿಯಾಗುವವರು ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ತಾವು ಯಾವ ಪಕ್ಷದಲ್ಲಿದ್ದೇವೆಂದು ಹೇಳಿಕೊಳ್ಳುತ್ತಾರೋ ತಿಳಿಯದು.

ಹಾಗಾದರೆ ಏನು ಮಾಡಬೇಕು, ಮಕ್ಕಳಿಲ್ಲದ ಶಾಲೆಯನ್ನು ಪೂಜಿಸುತ್ತ ಕೂರಬೇಕೇ ಎಂಬುದು ಅಧ್ಯಕ್ಷರು ನನಗೆ ನೇರವಾಗಿ ಕೇಳಿದ ಪ್ರಶ್ನೆ. ಪ್ರಶ್ನೆ ಯೋಗ್ಯವಾದದ್ದು. ಹಳೆಯ ಮಾದರಿಯ ಪ್ರಾಥಮಿಕ ಶಾಲೆ ಮತ್ತೆ ನಡೆಯುವುದು ಕಷ್ಟವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ದಾನದ ಮೂಲ ಉದ್ದೇಶ ನೆರವೇರದಂತಾದರೆ ಏನು ಮಾಡಬೇಕೆಂಬುದಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣಕ್ಕೆ 1976ರಲ್ಲಿ ಸೇರಿಸಿದ ಉಪಪ್ರಕರಣದಂತೆ, ಅಂಥ ಸಂದರ್ಭದಲ್ಲಿ ನ್ಯಾಯಾಲಯವು ಉದ್ದೇಶವನ್ನು ಬದಲಿಸಲು ಅನುಮತಿ ಕೊಡಬಹುದು. ಬದಲಿಸುವಾಗ ದಾನಿಯ ಆಶಯಕ್ಕೆ ಆದಷ್ಟು ಹತ್ತಿರವಾದುದನ್ನು ಆರಿಸಬೇಕೆಂಬುದು ಅದರ ಹಿಂದಿನ ತತ್ತ್ವ. ಅದೇ ಪ್ರಕರಣದಂತೆ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಸೇರಿ, ನ್ಯಾಯಾಲಯದ ಅನುಮತಿ ಪಡೆದು, ವಿಶ್ವಾಸಭಂಗದ ವಿರುದ್ಧ ದಾವೆ ಹೂಡಲೂ ಬರುತ್ತದೆ. ನಾನು ಬೆದರಿಸುತ್ತಿಲ್ಲ, ಸಹೋದರರು ಕಟಕಟೆಯಲ್ಲಿ ಎದುರಾಗಬಾರದೆಂದೇ ನನ್ನ ಆಸೆ. ವಿದ್ಯಾದಾನಕ್ಕೆ ಹತ್ತಿರವಾದದ್ದು ಯಾವುದೆಂದು ತಿಳಿಯಲು ನ್ಯಾಯಾಧೀಶರೇ ಬೇಕೇ?

ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಾರೆ. ಕೊನೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಆತಂಕ. ಎರಡು ಬಾರಿ ತಪ್ಪಿದರೆ ಓದೇ ನಿಲ್ಲುತ್ತದೆ. ಈ ಕಟ್ಟಡದ ನಾಲ್ಕು ಕೊಠಡಿಗಳಲ್ಲಿ ಅಂಥ ಮಕ್ಕಳಿಗೆ ವಸತಿ, ಪಡಸಾಲೆಯಲ್ಲಿ ಗ್ರಂಥಾಲಯ, ಸಂಜೆಗೆ ಮುಂಚೆ ಊಟ. ಹೆಬ್ಬೆಟ್ಟು ಒತ್ತಿದ ಆ ತಾಯಿ ಇದಕ್ಕಿಂತ ಹೆಚ್ಚೇನು ಕೇಳುತ್ತಿದ್ದರು? 2024ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಕೊಟ್ಟಾಗ ನಮ್ಮೂರಿನಲ್ಲಿ ಸಿಹಿ ಹಂಚಿದೆವು. ಆ ಭಾಷೆಯ ಅಕ್ಷರಮಾತ್ರವನ್ನಾದರೂ ಕಲಿಸುವ ಒಂದು ತರಗತಿ ಇಡೀ ತಾಲ್ಲೂಕಿನಲ್ಲಿ ನನಗೆ ಕಾಣುವುದಿಲ್ಲ. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದಾಗಲೂ ಸಿಹಿ ಹಂಚಿದ್ದೆವು. ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ಕೊಟ್ಟಿರುವುದು ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು. ಇದ್ದ ಸಂಸ್ಥೆಯನ್ನು ಮಾರುವುದಕ್ಕೆ ಅಲ್ಪಸಂಖ್ಯಾತರಾಗುವ ಅಗತ್ಯವಿರಲಿಲ್ಲ.

ಹಣವೆಲ್ಲಿದೆ ಎಂದು ಕೇಳುವವರಿಗೆ ಕಳೆದ ಪಂಚಕಲ್ಯಾಣದ ಲೆಕ್ಕಪತ್ರವನ್ನು ತೆಗೆದು ನೋಡಲು ವಿನಂತಿಸುತ್ತೇನೆ. ಇಂದ್ರ ಇಂದ್ರಾಣಿಯರ ಸ್ಥಾನಗಳಿಗೆ ನಡೆದ ಸವಾಲಿನಲ್ಲಿ ಒಬ್ಬರಿಗಿಂತ ಒಬ್ಬರು ಏರಿಸಿ ಕೂಗಿದ ಊರು ಇದು. ಹೆಂಚು ಬದಲಿಸಿ, ತೊಲೆಗೆ ಎಣ್ಣೆ ಹಚ್ಚಿ, ಶೌಚಾಲಯ ಕಟ್ಟಿಸಲು ಅದರ ಒಂದು ಸ್ಥಾನದ ಸವಾಲು ಸಾಕು. ಟ್ರಸ್ಟಿಗೆ ಆದಾಯವೇ ಬೇಕಾದರೆ ರಸ್ತೆಯ ಬದಿಯ ಒಂದು ಕೊಠಡಿಯನ್ನು ಪುಸ್ತಕದಂಗಡಿಗೋ ಟ್ಯೂಷನ್ ತರಗತಿಗೋ ಅಲ್ಪಾವಧಿಯ ಬಾಡಿಗೆಗೆ ಕೊಡಬಹುದು. ನೆಲ ಟ್ರಸ್ಟಿನಲ್ಲಿಯೇ ಉಳಿಯುತ್ತದೆ. ನೋಡಿಕೊಳ್ಳುವವರು ಯಾರು ಎಂಬುದು ಮಾತ್ರ ನಿಜವಾದ ಕಷ್ಟ. ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ನಿವೃತ್ತರಾದ ಇಬ್ಬರು ಶಿಕ್ಷಕಿಯರು ಮೊದಲ ವರ್ಷ ತಾವು ನಿಲ್ಲುತ್ತೇವೆ ಎಂದಿದ್ದಾರೆ. ಎರಡನೆಯ ವರ್ಷದ ಮಾತು ಅನಂತರ.

ನೆರೆಹೊರೆಯವರಿಗೂ ಇದರಿಂದ ತೊಂದರೆ ಇಲ್ಲವೆಂದಲ್ಲ. ಮಕ್ಕಳು ಬಂದರೆ ಗದ್ದಲವಿರುತ್ತದೆ. ಕಾರು ನಿಲ್ಲಿಸುವ ಜಾಗ ಹೋಗುತ್ತದೆ. ಹಪ್ಪಳವನ್ನು ಸ್ವಂತ ಮಾಳಿಗೆಯ ಮೇಲೆ ಒಣಗಿಸಬೇಕಾಗುತ್ತದೆ. ಶಾಲೆ ಉಳಿಯಲಿ ಎಂದು ಸಹಿ ಹಾಕಿದವರು ಶಾಲೆಯ ಸದ್ದನ್ನೂ ಸಹಿಸಬೇಕು.

ನಾನು ಯೋಜನೆಯ ಪತ್ರಕ್ಕೆ ಒಪ್ಪಿಗೆ ಬರೆದಿಲ್ಲ. ತಕರಾರು ಅರ್ಜಿಗೂ ಸಹಿ ಹಾಕಿಲ್ಲ. ಮೂರನೆಯ ಮನವಿಯೊಂದನ್ನು ಬರೆದು ಟ್ರಸ್ಟಿನ ಕಚೇರಿಗೆ ಕೊಟ್ಟಿದ್ದೇನೆ. ಕಟ್ಟಡವನ್ನು ಕೆಡವಬಾರದು, ವಿದ್ಯಾರ್ಥಿನಿಯರ ವಸತಿಗೆ ತೆರೆಯಬೇಕು, ಒಳಗಿನ ಕುರ್ಚಿ ಪಾತ್ರೆಗಳನ್ನು ಬೇರೆಡೆಗೆ ಸಾಗಿಸಬೇಕು, ಒತ್ತುವರಿಯಾದ ಮೂರು ಗೋಡೆಗಳನ್ನು ಹಿಂದಕ್ಕೆ ತೆಗೆಯಬೇಕು ಎಂಬುದು ಅದರ ಸಾರ. ಇದುವರೆಗೆ ಹನ್ನೊಂದು ಸಹಿಗಳು ಬಿದ್ದಿವೆ, ಅದರಲ್ಲಿ ಏಳು ಹೆಂಗಸರವು. ಸರ್ವಸಾಧಾರಣ ಸಭೆ ಬರುವ ತಿಂಗಳು ನಡೆಯಲಿದೆ. ಸಭೆಯವರೆಗೆ ಕಾಯುವ ಅಗತ್ಯವಿಲ್ಲದ್ದೆಂದರೆ ನಮ್ಮ ಹಿತ್ತಿಲ ಗೋಡೆ. ಗೌಂಡಿಗೆ ಹೇಳಿದ್ದೇನೆ, ಸೋಮವಾರ ಬರುತ್ತಾನೆ.